ತಿರುವುಮುರುವು ಲೀಡ್‌ಪೈಪಿನ ಟ್ರಂಪೆಟ್: ರಚನೆಯ ಬದಲಾವಣೆ ಮತ್ತು ನುಡಿಸಾಣಿಕೆ
(ಮರ್ಫಿ ಟೌನ್ ಹಾಗೂ ಬೆಂಗಳೂರು ದಂಡು ಪ್ರದೇಶದ ವಾದ್ಯಪರಂಪರೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ)

ಪೀಠಿಕೆ

ಕರ್ನಾಟಕದ ವಾದ್ಯಸಂಗೀತವನ್ನು ಕುರಿತ ಕನ್ನಡದ ಬರವಣಿಗೆಯಲ್ಲಿ ವೀಣೆ, ಪಿಟೀಲು, ಕೊಳಲು, ನಾಗಸ್ವರಗಳಿಗೆ ದೊರೆತಿರುವ ಸ್ಥಾನ ಹಿತ್ತಾಳೆಯ ವಾದ್ಯಗಳಿಗೆ ದೊರೆತಿಲ್ಲ. ಬ್ಯಾಂಡಿನ ವಿಷಯ ಬಂದಾಗಲೂ ಚರ್ಚೆಯು ಸಾಮಾನ್ಯವಾಗಿ ಆಶ್ರಯದಾತರು, ಬ್ಯಾಂಡ್‌ಮಾಸ್ಟರುಗಳು ಮತ್ತು ನುಡಿಸಿದ ಕೃತಿಗಳ ಸುತ್ತ ನಿಲ್ಲುತ್ತದೆ. ವಾದ್ಯದ ಶರೀರದವರೆಗೆ ಸಾಗುವುದು ವಿರಳ. ವೀಣೆಯ ಕುಡಿಕೆಯ ಮರ, ಮೇಣದ ಮೇಲಣ ಮೆಟ್ಟಿಲ ಜೋಡಣೆ, ನಾಗಸ್ವರದ ಶೀವಾಳಿ ಇವು ನಾದವನ್ನು ಹೇಗೆ ರೂಪಿಸುತ್ತವೆ ಎಂಬುದನ್ನು ಆಸಕ್ತಿಯಿಂದ ಪರಿಶೀಲಿಸುವ ನಾವು, ದಂಡು ಪ್ರದೇಶದ ಬೀದಿಗಳಲ್ಲಿ ಒಂದು ಶತಮಾನಕ್ಕೂ ಮೀರಿ ಕೇಳಿಬಂದಿರುವ ಟ್ರಂಪೆಟ್ಟಿನ ಒಳಗನ್ನು ನೋಡಲು ಅಷ್ಟಾಗಿ ಮನಸ್ಸು ಮಾಡಿಲ್ಲ.

ಪ್ರಸ್ತುತ ಲೇಖನವು ಆ ವಾದ್ಯದ ಒಂದೇ ಒಂದು ಭಾಗವನ್ನು ಎತ್ತಿಕೊಳ್ಳುತ್ತದೆ. ಮೌತ್‌ಪೀಸನ್ನು ಸಿಕ್ಕಿಸುವ ಮೊದಲ ನಳಿಕೆಗೆ ವಾದಕರು ಲೀಡ್‌ಪೈಪ್ ಅಥವಾ ಮೌತ್‌ಪೈಪ್ ಎನ್ನುತ್ತಾರೆ. ಈ ನಳಿಕೆಯು ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡಿನೊಡನೆ ಕೂಡುವ ಬಗೆಯನ್ನು ತಿರುಗುಮುರುಗು ಮಾಡಿದಾಗ ಹುಟ್ಟುವ ವಾದ್ಯವೇ ರಿವರ್ಸ್ ಲೀಡ್‌ಪೈಪ್ ಟ್ರಂಪೆಟ್; ಇಲ್ಲಿ ಅದನ್ನು ತಿರುವುಮುರುವು ಲೀಡ್‌ಪೈಪಿನ ಟ್ರಂಪೆಟ್ ಎಂದು ಕರೆಯಲಾಗಿದೆ. ಒಂದು ಕೊಳವೆ ಇನ್ನೊಂದರ ಒಳಗೆ ಹೋಗಬೇಕೆ, ಹೊರಗೆ ಕೂರಬೇಕೆ ಎಂಬ ಈ ಸಣ್ಣ ವ್ಯತ್ಯಾಸವು ನುಡಿಸಾಣಿಕೆಯಲ್ಲಿ ಏನನ್ನು ಬದಲಿಸುತ್ತದೆ, ಏನನ್ನು ಬದಲಿಸುವುದಿಲ್ಲ, ನಮ್ಮ ಹವೆ, ನಮ್ಮ ಬೀದಿ ಮತ್ತು ನಮ್ಮ ಗಮಕಗಳ ಸಂದರ್ಭದಲ್ಲಿ ಅದಕ್ಕೆ ಇರುವ ಅರ್ಥವೇನು ಎಂಬುದನ್ನು ವಿವರಿಸುವುದು ಇಲ್ಲಿಯ ಉದ್ದೇಶ.

1. ದಂಡು ಪ್ರದೇಶ ಮತ್ತು ಹಿತ್ತಾಳೆಯ ನಾದ

ಬೆಂಗಳೂರಿನ ದಂಡು 1809ರಲ್ಲಿ ನೆಲೆಗೊಂಡಿತು. 1881ರಲ್ಲಿ ಮೈಸೂರು ರಾಜ್ಯವು ಒಡೆಯರ ಕೈಗೆ ಮರಳಿದಾಗಲೂ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಈ ಭಾಗವು ಬ್ರಿಟಿಷರ ಆಡಳಿತದಲ್ಲೇ ಉಳಿದು, 1947ರ ಜುಲೈನಲ್ಲಿ ಮೈಸೂರಿಗೆ ಹಿಂದಿರುಗಿತು. ಸೈನ್ಯ ಇದ್ದೆಡೆ ಬ್ಯಾಂಡೂ ಇರುವುದು ವಾಡಿಕೆ. ಕವಾಯತು ಮೈದಾನ, ಚರ್ಚು, ಕಬ್ಬನ್ ಪಾರ್ಕಿನ ವಾದ್ಯಮಂಟಪ ಇವು ಹಿತ್ತಾಳೆಯ ವಾದ್ಯಗಳನ್ನು ಊರಿನ ಕಿವಿಗೆ ಪರಿಚಯಿಸಿದ ಜಾಗಗಳು. 1780ರಲ್ಲಿ ತನ್ನ ಮೂಲವನ್ನು ಗುರುತಿಸುವ ಮದರಾಸ್ ಸ್ಯಾಪರ್ಸ್ ಪಡೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು. ಅದರ ಇಂದಿನ ರೂಪವಾದ ಮದರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರ ಹಲಸೂರು ಕೆರೆಯ ಸಮೀಪದಲ್ಲಿದೆ.

ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಇರುವ ಮರ್ಫಿ ಟೌನ್ ಈ ದಂಡಿನ ನೆರಳಿನಲ್ಲಿ ಬೆಳೆದ ದುಡಿಯುವ ಜನರ ಬಡಾವಣೆ. ಮೊದಲು ಇದರ ಹೆಸರು ನಾಕ್ಸ್‌ಪೇಟೆ. ಸ್ಟೇಷನ್ನಿನ ಎಂಜಿನಿಯರಾಗಿದ್ದ ಮರ್ಫಿಯವರ ಯೋಜನೆಯಲ್ಲಿ ಇಲ್ಲಿ ಬಡವರಿಗಾಗಿ ಮನೆಗಳು ಎದ್ದ ಮೇಲೆ ಅವರ ಹೆಸರೇ ಬಡಾವಣೆಗೆ ನಿಂತಿತು. ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಭಾಷೆಗಳು ಬೆರೆತ ಈ ನೆರೆಹೊರೆಯ ಸುತ್ತಲೂ ಮೂರು ಬಗೆಯ ನಾದಪರಿಸರಗಳಿವೆ: ಸೇನಾ ಕೇಂದ್ರಗಳ ಕವಾಯತಿನ ಸಂಗೀತ, ಚರ್ಚಿನ ಹಬ್ಬಗಳ ಸಂಗೀತ, ದೇವಸ್ಥಾನದ ಉತ್ಸವ ಹಾಗೂ ಮದುವೆಗಳ ಬೀದಿ ಸಂಗೀತ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರಂದು ನಡೆಯುವ ಹಬ್ಬದ ತೇರು, ಹಲಸೂರಿನ ಪಲ್ಲಕ್ಕಿ ಉತ್ಸವ, ಮದುವೆಯ ದಿಬ್ಬಣ, ಶವಯಾತ್ರೆ ಇವೆಲ್ಲವೂ ದಂಡಿನ ಬದುಕಿನಲ್ಲಿ ಮೆರವಣಿಗೆಯ ಸಂದರ್ಭಗಳೇ. ಮೆರವಣಿಗೆಯೆಂದರೆ ಗಾಳಿವಾದ್ಯ, ಅದರಲ್ಲೂ ದೂರಕ್ಕೆ ಕೇಳಿಸುವ ಗಾಳಿವಾದ್ಯ.

ಇದಕ್ಕೆ ಸಮಾನಾಂತರವಾಗಿ ಮೈಸೂರಿನಲ್ಲಿ ಬೇರೊಂದು ಪ್ರಯೋಗ ನಡೆಯಿತು. ಅರಮನೆಯು ಇಂಗ್ಲಿಷ್ ಬ್ಯಾಂಡ್ ಮತ್ತು ಕರ್ನಾಟಕ ಬ್ಯಾಂಡ್ ಎಂಬ ಎರಡು ವೃಂದಗಳನ್ನು ಪೋಷಿಸಿತು. ಜರ್ಮನಿಯ ಆಟೊ ಸ್ಮಿಟ್ ಅರಮನೆಯ ಪಾಶ್ಚಾತ್ಯ ವೃಂದವನ್ನು ನಡೆಸಿದರು. ಮುಂದೆ ಈ ವೃಂದಗಳು ಪೊಲೀಸ್ ಇಲಾಖೆಯ ಆಶ್ರಯಕ್ಕೆ ಬಂದವು. ದಸರಾ ಸಂದರ್ಭದ ಪೊಲೀಸ್ ಬ್ಯಾಂಡ್ ಅದರ ಮುಂದುವರಿಕೆಯಾಗಿದೆ. ಕದ್ರಿ ಗೋಪಾಲನಾಥರಿಗೆ (1949–2019) ಸ್ಯಾಕ್ಸೊಫೋನಿನ ಮೋಹ ಹುಟ್ಟಿದ್ದು ಮೈಸೂರಿನ ಅರಮನೆಯ ಬ್ಯಾಂಡನ್ನು ಕೇಳಿದ ಮೇಲೆ ಎಂಬುದು ಪ್ರಸಿದ್ಧ ಸಂಗತಿ. ಅಂದರೆ ಹಿತ್ತಾಳೆಯ ಶರೀರದ ಪಾಶ್ಚಾತ್ಯ ವಾದ್ಯವು ರಾಗವನ್ನು ತಾಳಬಲ್ಲದೇ ಎಂಬ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಸ್ವಾತಂತ್ರ್ಯಾನಂತರ 1950ರಲ್ಲಿ ಮಧ್ಯಪ್ರದೇಶದ ಪಚಮಢಿಯಲ್ಲಿ ಸೇನೆಯ ಸಂಗೀತಶಾಲೆ ಆರಂಭವಾಯಿತು. ಕೊಡಗಿನವರಾದ ಜನರಲ್ ಕೆ. ಎಂ. ಕಾರ್ಯಪ್ಪನವರು ಆಗ ಭೂಸೇನೆಯ ಮುಖ್ಯಸ್ಥರಾಗಿದ್ದರು. ಬೆಂಗಳೂರಿನ ರೆಜಿಮೆಂಟುಗಳ ವಾದಕರ ಶಿಕ್ಷಣಕ್ಕೂ ಆ ಶಾಲೆಯ ಸಂಬಂಧವಿದೆ.

ವಾದ್ಯಗಳು ಬಂದ ದಾರಿಯೂ ಗಮನಾರ್ಹ. ಬ್ರಿಟಿಷ್ ಕಾಲದ ಸೇನಾ ಬ್ಯಾಂಡುಗಳಿಗೆ ಲಂಡನ್ನಿನ ಬೂಸೀ, ಹಾಕ್ಸ್, ಬೆಸನ್ ಮೊದಲಾದ ಸಂಸ್ಥೆಗಳ ವಾದ್ಯಗಳು ಬರುತ್ತಿದ್ದವು. ಬೂಸೀ ಮತ್ತು ಹಾಕ್ಸ್ 1930ರಲ್ಲಿ ಒಂದಾದವು. ಭಾರತದೊಳಗೆ ಮೀರತ್ ನಗರದ ಜಾಲಿ ಕೋಠಿ ಹಿತ್ತಾಳೆ ವಾದ್ಯಗಳ ತಯಾರಿಕೆಗೆ ಹೆಸರಾಯಿತು. ಅಲ್ಲಿಯ ನಾದಿರ್ ಅಲಿ ಕಂಪೆನಿ 1885ರಷ್ಟು ಹಳೆಯದು. ಮದುವೆಯ ಬ್ಯಾಂಡ್ ಸೆಟ್ಟುಗಳ ಬಹುಪಾಲು ವಾದ್ಯಗಳಿಗೆ ಮೀರತ್ತೇ ತವರು. ಬಹುಕಾಲ ಈ ಬ್ಯಾಂಡುಗಳಲ್ಲಿ ಮೇಲಿನ ಸ್ವರವನ್ನು ಹಿಡಿದದ್ದು ಟ್ರಂಪೆಟ್ಟಿಗಿಂತ ಹೆಚ್ಚಾಗಿ ಅದರ ಸೋದರವಾದ್ಯ ಕಾರ್ನೆಟ್. ಅಮೆರಿಕ ಮತ್ತು ಜಪಾನಿನ ಟ್ರಂಪೆಟ್ಟುಗಳು ಇಲ್ಲಿಗೆ ತಲುಪಿದ್ದು ತಡವಾಗಿ. ತಿರುವುಮುರುವು ಲೀಡ್‌ಪೈಪಿನ ಪ್ರಶ್ನೆ ನಮಗೆ ಎದುರಾಗುವುದು ಈ ಕೊನೆಯ ಘಟ್ಟದಲ್ಲಿ.

2. ವಾದ್ಯದ ಅಂಗರಚನೆ

ಬಿ-ಫ್ಲ್ಯಾಟ್ ಟ್ರಂಪೆಟ್ಟಿನ ಕೊಳವೆಯನ್ನು ಸುರುಳಿ ಬಿಚ್ಚಿ ನೇರ ಮಾಡಿದರೆ ಅದರ ಉದ್ದ ಸುಮಾರು 148 ಸೆಂ.ಮೀ. ಇದನ್ನು ನಾಲ್ಕು ಭಾಗಗಳಾಗಿ ನೋಡಬಹುದು. ಮೊದಲನೆಯದು ಬಟ್ಟಲಿನಾಕಾರದ ಮೌತ್‌ಪೀಸ್. ಎರಡನೆಯದು ಲೀಡ್‌ಪೈಪ್, ಆರಂಭದಲ್ಲಿ 9 ಮಿ.ಮೀ.ಗಿಂತ ತುಸು ಕಡಿಮೆ ಒಳವ್ಯಾಸವಿದ್ದು ಕ್ರಮೇಣ ಅಗಲವಾಗುತ್ತಾ ಹೋಗುವ ನಳಿಕೆ. ಮೂರನೆಯದು ಸಮವ್ಯಾಸದ ಭಾಗ. ಟ್ಯೂನಿಂಗ್ ಸ್ಲೈಡ್ ಮತ್ತು ಮೂರು ಪಿಸ್ಟನ್‌ಗಳು ಇಲ್ಲಿವೆ. ಹೆಚ್ಚು ಬಳಕೆಯಲ್ಲಿರುವ ಅಳತೆಯಲ್ಲಿ ಈ ಭಾಗದ ಒಳವ್ಯಾಸ ಸುಮಾರು 11.66 ಮಿ.ಮೀ. ನಾಲ್ಕನೆಯದು ಅರಳುತ್ತಾ ಹೋಗುವ ಬೆಲ್.

ಒಂದು ತುದಿ ತುಟಿಯಿಂದ ಮುಚ್ಚಿದ, ಪೂರ್ತಿ ಸಮವ್ಯಾಸದ ಕೊಳವೆಯನ್ನು ಊದಿದರೆ ಅದರಿಂದ ಹೊರಡುವ ಸಹಜ ಕಂಪನಗಳು 1, 3, 5, 7 ಎಂಬ ಬೆಸಸಂಖ್ಯೆಗಳ ಅನುಪಾತದಲ್ಲಿರುತ್ತವೆ. ಅಂತಹ ಕೊಳವೆಯಿಂದ ಸಂಗೀತಕ್ಕೆ ಹೊಂದುವ ಸ್ವರಶ್ರೇಣಿ ಸಿಗದು. ಬೆಲ್ಲಿನ ಅರಳುವಿಕೆಯು ಕೆಳಗಿನ ಕಂಪನಗಳನ್ನು ಮೇಲಕ್ಕೆತ್ತುತ್ತದೆ. ಮೌತ್‌ಪೀಸ್ ಮತ್ತು ಲೀಡ್‌ಪೈಪ್ ಸೇರಿ ಮೇಲಿನ ಕಂಪನಗಳನ್ನು ಕೆಳಕ್ಕೆ ಎಳೆಯುತ್ತವೆ. ಎರಡೂ ಕಡೆಯಿಂದ ನಡೆಯುವ ಈ ತಿದ್ದುಪಡಿಯ ಫಲವಾಗಿ ಅತ್ಯಂತ ಕೆಳಗಿನ ಕಂಪನವೊಂದನ್ನು ಬಿಟ್ಟು ಉಳಿದವು 2, 3, 4, 5, 6 ಎಂಬ ಕ್ರಮಕ್ಕೆ ಸಮೀಪಿಸುತ್ತವೆ. ಸಂಗೀತಧ್ವನಿವಿಜ್ಞಾನಿ ಆರ್ಥರ್ ಬೆನೇಡ್ (1925–1987) ತಮ್ಮ 1976ರ ಗ್ರಂಥದಲ್ಲಿ ಈ ಸಹಕಾರವನ್ನು ವಿಶದವಾಗಿ ತೋರಿಸಿಕೊಟ್ಟರು: ಕಂಪನಗಳು ಪರಸ್ಪರ ಸರಳ ಅನುಪಾತದಲ್ಲಿ ಹೊಂದಿದಷ್ಟೂ ಒಂದು ಸ್ವರವನ್ನು ಊದಿದಾಗ ಅದರ ಮೇಲಿನ ಕಂಪನಗಳೂ ಬೆಂಬಲಕ್ಕೆ ನಿಲ್ಲುತ್ತವೆ, ಸ್ವರ ಸ್ಥಿರವಾಗುತ್ತದೆ. ಲೀಡ್‌ಪೈಪು ಮೌತ್‌ಪೀಸಿಗೂ ಪಿಸ್ಟನ್ನಿಗೂ ನಡುವಿನ ಬರಿಯ ದಾರಿಯಲ್ಲ, ವಾದ್ಯದ ಶ್ರುತಿಶುದ್ಧಿಯನ್ನು ನಿರ್ಧರಿಸುವ ಅಂಗ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

3. ಎರಡು ಬಗೆಯ ಜೋಡಣೆ

ಟ್ಯೂನಿಂಗ್ ಸ್ಲೈಡು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಕೊಳವೆ. ಅದಕ್ಕೆ ಮೇಲೊಂದು, ಕೆಳಗೊಂದು ಎರಡು ಕಾಲುಗಳು. ಸಾಂಪ್ರದಾಯಿಕ ಟ್ರಂಪೆಟ್ಟಿನಲ್ಲಿ ಎರಡು ಕಾಲುಗಳೂ ಒಳಗೆ ಹೋಗುವ ಕಾಲುಗಳೇ. ಲೀಡ್‌ಪೈಪಿನ ತುದಿಗೆ ತುಸು ದೊಡ್ಡ ವ್ಯಾಸದ ಹೊರಕೊಳವೆಯೊಂದನ್ನು ಬೆಸೆದಿರುತ್ತಾರೆ. ಸ್ಲೈಡಿನ ಮೇಲಿನ ಕಾಲು ಅದರೊಳಗೆ ಜಾರುತ್ತದೆ. ಸ್ಲೈಡನ್ನು ಪೂರ್ತಿ ಒತ್ತಿದಾಗ ಲೀಡ್‌ಪೈಪಿನ ತುದಿಗೂ ಸ್ಲೈಡಿನ ತುದಿಗೂ ನಡುವೆ ಅಂತರ ಅತ್ಯಲ್ಪ. ಶ್ರುತಿ ಇಳಿಸಲೆಂದು ಸ್ಲೈಡನ್ನು ಹೊರಗೆಳೆದ ಕೂಡಲೇ ಎಳೆದಷ್ಟೇ ಉದ್ದದ ಒಂದು ತೆರಪು ಅಲ್ಲಿ ಹುಟ್ಟುತ್ತದೆ. ಆ ತೆರಪಿನಲ್ಲಿ ಗಾಳಿಗೆ ಸಿಗುವ ಒಳವ್ಯಾಸ ಹೊರಕೊಳವೆಯದು.

ಇದರ ಪ್ರಮಾಣವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಸ್ಲೈಡಿನ ಒಳವ್ಯಾಸ 11.66 ಮಿ.ಮೀ., ಗೋಡೆಯ ದಪ್ಪ 0.45 ಮಿ.ಮೀ. ಎಂದಿಟ್ಟುಕೊಂಡರೆ ತೆರಪಿನ ಒಳವ್ಯಾಸ ಸುಮಾರು 12.56 ಮಿ.ಮೀ. ಆಗುತ್ತದೆ. ವ್ಯಾಸದಲ್ಲಿ ಇದು ಒಂದು ಮಿಲಿಮೀಟರಿಗಿಂತ ಕಡಿಮೆಯ ಹೆಚ್ಚಳ. ಆದರೆ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಶೇ. 16ರಷ್ಟು ಹೆಚ್ಚಳ. ಕ್ರಮೇಣ ಅಗಲವಾಗುತ್ತಾ ಬಂದ ನಳಿಕೆಯು ಇದ್ದಕ್ಕಿದ್ದಂತೆ ಹಿಗ್ಗಿ, ಮತ್ತೆ ಇದ್ದಕ್ಕಿದ್ದಂತೆ ಕುಗ್ಗುತ್ತದೆ. ಕುಗ್ಗುವ ಜಾಗದಲ್ಲಿ ಸ್ಲೈಡಿನ ಅಂಚು ಗಾಳಿಯ ಹರಿವಿಗೆ ಎದುರಾಗಿ ನಿಲ್ಲುತ್ತದೆ.

ತಿರುವುಮುರುವು ಜೋಡಣೆಯಲ್ಲಿ ಲೀಡ್‌ಪೈಪೇ ಒಳಗಿನ ಕೊಳವೆ. ಅದನ್ನು ಇನ್ನೂ ಕೆಲವು ಸೆಂಟಿಮೀಟರು ಮುಂದಕ್ಕೆ ಬೆಳೆಸಿ, ಸ್ಲೈಡಿನ ಮೇಲಿನ ಕಾಲನ್ನು ಹೊರಕೊಳವೆಯನ್ನಾಗಿ ಮಾಡುತ್ತಾರೆ. ಅದು ಲೀಡ್‌ಪೈಪಿನ ಹೊರಮೈ ಮೇಲೆ ಜಾರುತ್ತದೆ. ಕೆಳಗಿನ ಕಾಲು ಮಾತ್ರ ಮೊದಲಿನಂತೆಯೇ ಒಳಕ್ಕೆ ಹೋಗುತ್ತದೆ. ಇದರಿಂದ ಮೂರು ಬದಲಾವಣೆಗಳಾಗುತ್ತವೆ. ಮೊದಲನೆಯದಾಗಿ, ಲೀಡ್‌ಪೈಪಿನ ಅಖಂಡ ಉದ್ದ ಹೆಚ್ಚುತ್ತದೆ. ಅಗಲವಾಗುವ ಇಳಿಜಾರನ್ನು ತಯಾರಕನು ಹೆಚ್ಚು ಸಾವಧಾನವಾಗಿ ಹರಡಬಹುದು. ಎರಡನೆಯದಾಗಿ, ಲೀಡ್‌ಪೈಪಿನ ತುದಿಯಲ್ಲಿದ್ದ ಭಾರವಾದ ಹೊರಕೊಳವೆ ಇಲ್ಲವಾಗುವುದರಿಂದ ಆ ಭಾಗ ಹಗುರವಾಗುತ್ತದೆ. ಮೂರನೆಯದಾಗಿ, ತೆರಪು ಹುಟ್ಟುವ ಜಾಗ ಮೌತ್‌ಪೀಸಿನಿಂದ ದೂರಕ್ಕೆ, ಬಾಗಿನ ಕಡೆಗೆ ಸರಿಯುತ್ತದೆ.

ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ತಿರುವುಮುರುವು ಲೀಡ್‌ಪೈಪಿನಲ್ಲಿ ತೆರಪೇ ಇರುವುದಿಲ್ಲ ಎಂಬ ಮಾತು ವಾದಕರಲ್ಲಿ ಪ್ರಚಲಿತವಾಗಿದೆ. ಅದು ಪೂರ್ತಿ ನಿಜವಲ್ಲ. ಬಾಗಿನ ಆರಂಭದ ಒಳವ್ಯಾಸವೂ ಲೀಡ್‌ಪೈಪಿನ ಕೊನೆಯ ಒಳವ್ಯಾಸವೂ ಒಂದೇ ಆಗಿದ್ದರೆ, ಸ್ಲೈಡನ್ನು ಎಳೆದಾಗ ಅವೆರಡರ ನಡುವೆ ತೆರಪು ಹುಟ್ಟಿಯೇ ತೀರುತ್ತದೆ. ಬಾಗಿನ ಬಾಯನ್ನು ಹೊರಕೊಳವೆಯ ಒಳವ್ಯಾಸಕ್ಕೆ ಸಮನಾಗಿ ಅಗಲಿಸಿ, ಅಲ್ಲಿಂದ ಮುಂದೆ ಹೊಂದಿಸಿಕೊಂಡು ಹೋಗುವ ವಿನ್ಯಾಸಗಳಲ್ಲಿ ಮಾತ್ರ ಎದುರಂಚು ತಪ್ಪುತ್ತದೆ. ಆಗ ಹರಿವಿಗೆ ಎದುರಾಗುವುದು ಹಿಗ್ಗುವ ಒಂದು ಮೆಟ್ಟಿಲು ಮಾತ್ರ. ಆದ್ದರಿಂದ ತಿರುವುಮುರುವು ಎಂಬ ಒಂದೇ ಹೆಸರಿನ ಕೆಳಗೆ ಎರಡು ಭಿನ್ನ ರಚನೆಗಳಿವೆ. ಇವುಗಳನ್ನು ಒಂದೆಂದು ಭಾವಿಸಿ ಹೋಲಿಸಿದಾಗ ಅಭಿಪ್ರಾಯಗಳು ಪರಸ್ಪರ ವಿರುದ್ಧವಾಗಿ ಬರುವುದು ಸಹಜ.

4. ತೆರಪು ಸ್ವರವನ್ನು ಹೇಗೆ ಕದಲಿಸುತ್ತದೆ

ಕೊಳವೆಯೊಳಗಿನ ನಿಂತ ಅಲೆಯಲ್ಲಿ ಒತ್ತಡ ಗರಿಷ್ಠವಾಗಿರುವ ಬಿಂದುಗಳೂ, ಒತ್ತಡ ಕನಿಷ್ಠವಾಗಿ ಗಾಳಿಯ ಚಲನೆ ಗರಿಷ್ಠವಾಗಿರುವ ಬಿಂದುಗಳೂ ಇರುತ್ತವೆ. ಒತ್ತಡ ಗರಿಷ್ಠವಿರುವಲ್ಲಿ ಕೊಳವೆಯನ್ನು ಅಗಲಿಸಿದರೆ ಆ ಕಂಪನದ ಶ್ರುತಿ ಇಳಿಯುತ್ತದೆ. ಚಲನೆ ಗರಿಷ್ಠವಿರುವಲ್ಲಿ ಅಗಲಿಸಿದರೆ ಏರುತ್ತದೆ. ಒಂದೇ ತೆರಪು ಒಂದು ಸ್ವರವನ್ನು ಏರಿಸಿ ಮತ್ತೊಂದನ್ನು ಇಳಿಸಬಲ್ಲದು ಎಂಬುದೇ ಇದರ ಮುಖ್ಯ ಪರಿಣಾಮ.

ಮೌತ್‌ಪೀಸಿನ ಪ್ರಭಾವವನ್ನು ಸದ್ಯಕ್ಕೆ ಬದಿಗಿಟ್ಟು ಒಂದು ಸರಳ ಲೆಕ್ಕ ಹಾಕೋಣ. 466 ಹರ್ಟ್ಸ್ ಆವೃತ್ತಿಯ ಸ್ವರದ ಅಲೆಯುದ್ದ ಸುಮಾರು 74 ಸೆಂ.ಮೀ. ತುಟಿಯ ಬಳಿ ಒತ್ತಡ ಗರಿಷ್ಠವಾಗಿರುವುದರಿಂದ, ಅಲೆಯುದ್ದದ ಕಾಲುಭಾಗದಷ್ಟು ಅಂದರೆ 18.5 ಸೆಂ.ಮೀ. ದೂರದಲ್ಲಿ ಚಲನೆ ಗರಿಷ್ಠ. ಅದರ ಮೇಲಿನ ಸ್ಥಾಯಿಯ 932 ಹರ್ಟ್ಸ್ ಸ್ವರದ ಅಲೆಯುದ್ದ 37 ಸೆಂ.ಮೀ. ಅದೇ 18.5 ಸೆಂ.ಮೀ. ಬಿಂದುವು ಈ ಸ್ವರಕ್ಕೆ ಅರ್ಧ ಅಲೆಯಷ್ಟು ದೂರವಾಗುವುದರಿಂದ ಅಲ್ಲಿ ಮತ್ತೆ ಒತ್ತಡ ಗರಿಷ್ಠ. ಹೀಗಿರುವಾಗ ಆ ಬಿಂದುವಿನ ಸುತ್ತ ತೆರಪೊಂದು ಬಿದ್ದರೆ ಕೆಳಗಿನ ಸ್ವರ ತುಸು ಏರಿ, ಮೇಲಿನ ಸ್ವರ ತುಸು ಇಳಿದು, ಸ್ಥಾಯಿಯ ಅಂತರವೇ ಕುಗ್ಗುತ್ತದೆ. ಮಧ್ಯಸ್ಥಾಯಿಯ ಷಡ್ಜಕ್ಕೆ ಶ್ರುತಿ ಕೂಡಿಸಿದ ವಾದಕನಿಗೆ ತಾರಷಡ್ಜ ಕೈಕೊಡುತ್ತದೆ ಎಂದು ನಮ್ಮ ಪರಿಭಾಷೆಯಲ್ಲಿ ಹೇಳಬಹುದು. ತೆರಪನ್ನು ಐದಾರು ಸೆಂಟಿಮೀಟರು ಆಚೆಗೆ ಸರಿಸಿದರೆ ಏರಿಳಿತಕ್ಕೆ ಒಳಗಾಗುವ ಸ್ವರಗಳು ಬದಲಾಗುತ್ತವೆ. ತಿರುವುಮುರುವು ಜೋಡಣೆಯಿಂದ ಶ್ರುತಿದೋಷ ಮಾಯವಾಗುತ್ತದೆ ಎನ್ನುವುದಕ್ಕಿಂತ, ದೋಷದ ಹಂಚಿಕೆ ಬದಲಾಗುತ್ತದೆ ಎನ್ನುವುದು ಹೆಚ್ಚು ಸರಿಯಾದ ನಿರೂಪಣೆ.

ಟ್ರಂಪೆಟ್ಟಿನಲ್ಲಿ ಇಂತಹ ಸಂಧಿಗಳು ಇನ್ನೂ ಹಲವಿವೆ: ಟ್ಯೂನಿಂಗ್ ಸ್ಲೈಡಿನ ಕೆಳಗಿನ ಕಾಲು, ಪಿಸ್ಟನ್‌ಗಳ ಸ್ಲೈಡುಗಳು, ಮೌತ್‌ಪೀಸಿನ ತುದಿಗೂ ಲೀಡ್‌ಪೈಪಿನ ಆರಂಭಕ್ಕೂ ನಡುವಿನ ಸಣ್ಣ ಅಂತರ. ತಿರುವುಮುರುವು ಮಾಡುವುದರಿಂದ ಬದಲಾಗುವುದು ಇವುಗಳಲ್ಲಿ ಒಂದು ಮಾತ್ರ. ಆದರೆ ಆ ಒಂದು, ಕೊಳವೆ ಇನ್ನೂ ಕಿರಿದಾಗಿರುವ, ಎಲ್ಲ ಸ್ವರಗಳೂ ಹಾದುಹೋಗಲೇಬೇಕಾದ ಜಾಗದಲ್ಲಿದೆ.

5. ದಂಡಿನ ಹವೆ, ಶ್ರುತಿ ಮತ್ತು ಸ್ಲೈಡಿನ ಎಳೆತ

ತೆರಪಿನ ಚರ್ಚೆಗೆ ಪ್ರಾಯೋಗಿಕ ಮಹತ್ವ ಬರುವುದು ವಾದಕನು ಸ್ಲೈಡನ್ನು ಎಷ್ಟು ಎಳೆಯಬೇಕಾಗುತ್ತದೆ ಎಂಬುದರಿಂದ. ಸ್ಲೈಡನ್ನು ಹೆಚ್ಚುಕಡಿಮೆ ಒಳಗೇ ಇಟ್ಟು ನುಡಿಸುವವನಿಗೆ ಎರಡು ಜೋಡಣೆಗಳ ವ್ಯತ್ಯಾಸ ಕಿರಿದು. ಬಹಳ ಎಳೆಯಬೇಕಾದವನಿಗೆ ಹಿರಿದು. ಬೆಂಗಳೂರಿನಲ್ಲಿ ಎಳೆಯಬೇಕಾಗಿ ಬಂದ ಕಾರಣಗಳು ಮೂರು.

ಮೊದಲನೆಯದು ಐತಿಹಾಸಿಕ. ಬ್ರಿಟಿಷ್ ಸೇನಾ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೆ ಮೇಲುಶ್ರುತಿಯನ್ನು ಬಳಸುತ್ತಿದ್ದವು. ಅದರಲ್ಲಿ ಎ ಸ್ವರದ ಆವೃತ್ತಿ ಸುಮಾರು 452 ಹರ್ಟ್ಸ್. ಇಂದಿನ ಮಾನಕ 440 ಹರ್ಟ್ಸ್. ಇವೆರಡರ ಅಂತರ ಒಂದು ಅರ್ಧಸ್ವರದ ಹೆಚ್ಚುಕಡಿಮೆ ಅರ್ಧಭಾಗ. ಮೇಲುಶ್ರುತಿಗೆಂದು ತಯಾರಾದ ವಾದ್ಯವನ್ನು ಇಂದಿನ ಶ್ರುತಿಗೆ ಇಳಿಸಬೇಕಾದರೆ ಕೊಳವೆಯನ್ನು ಒಟ್ಟು 4 ಸೆಂ.ಮೀ.ನಷ್ಟು ಉದ್ದ ಮಾಡಬೇಕು. ಸ್ಲೈಡಿಗೆ ಎರಡು ಕಾಲುಗಳಿರುವುದರಿಂದ ಅದನ್ನು 2 ಸೆಂ.ಮೀ. ಎಳೆಯಬೇಕು. ಅಂದರೆ 2 ಸೆಂ.ಮೀ. ಉದ್ದದ ಎರಡು ತೆರಪುಗಳು. ಬ್ರಿಟನ್ನಿನ ನಾಗರಿಕ ಹಿತ್ತಾಳೆ ಬ್ಯಾಂಡುಗಳು 1960ರ ದಶಕದವರೆಗೂ ಮೇಲುಶ್ರುತಿಯನ್ನು ಬಿಡಲಿಲ್ಲ. ಸೇನೆಯಿಂದ ಹೊರಬಿದ್ದು ಕೈಯಿಂದ ಕೈಗೆ ಸಾಗಿದ ಹಳೆಯ ವಾದ್ಯಗಳು ಹಾರ್ಮೋನಿಯಂ ಅಥವಾ ಕೀಬೋರ್ಡಿನ ಜೊತೆ ನುಡಿಸುವಾಗ ಒರಟಾಗಿ, ಉಸಿರುಗಟ್ಟಿದಂತೆ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಇಂತಹ ವಾದ್ಯವನ್ನು ಕೆಟ್ಟದ್ದೆಂದು ಬದಿಗಿಡುವ ಮೊದಲು ಅದು ಯಾವ ಶ್ರುತಿಗೆ ತಯಾರಾದದ್ದು ಎಂದು ಕೇಳಬೇಕಾಗುತ್ತದೆ.

ಎರಡನೆಯದು ಹವೆ. ಗಾಳಿ ಬಿಸಿಯಾದಂತೆ ಶಬ್ದದ ವೇಗ ಹೆಚ್ಚಿ ಗಾಳಿವಾದ್ಯಗಳ ಶ್ರುತಿ ಏರುತ್ತದೆ. ಬೆಂಗಳೂರಿನಲ್ಲಿ ಜನವರಿಯ ಬೆಳಗಿನ ಕವಾಯತು 15–16 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ನಡೆಯುವುದುಂಟು. ಏಪ್ರಿಲ್ ಮಧ್ಯಾಹ್ನದ ದಿಬ್ಬಣ 34 ಡಿಗ್ರಿ ಬಿಸಿಲಿನಲ್ಲಿ ಹೊರಡುವುದುಂಟು. ಉಸಿರಿನ ಬಿಸಿ ಕೊಳವೆಯನ್ನು ಸಮಸ್ಥಿತಿಯ ಕಡೆಗೆ ತರುವುದರಿಂದ ವಾದ್ಯದೊಳಗಿನ ವ್ಯತ್ಯಾಸ ಹೊರಗಿನಷ್ಟು ಇರದು. ಒಳಗಿನ ಗಾಳಿಯ ಸರಾಸರಿ ಉಷ್ಣತೆ 6 ಡಿಗ್ರಿ ಹೆಚ್ಚಿತೆಂದು ಭಾವಿಸಿದರೂ ಶ್ರುತಿಯು ಶೇ. 1ರಷ್ಟು, ಎಂದರೆ ಅರ್ಧಸ್ವರದ ಆರನೆಯ ಒಂದು ಭಾಗದಷ್ಟು ಏರುತ್ತದೆ. ಅದನ್ನು ಸರಿದೂಗಿಸಲು ಸ್ಲೈಡನ್ನು 7–8 ಮಿ.ಮೀ. ಎಳೆಯಬೇಕು. ಇಲ್ಲಿ ಊರಿನ ಎತ್ತರದ ಪ್ರಸ್ತಾಪ ಆಗಾಗ ಬರುವುದುಂಟು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆಯೆಂಬುದು ನಿಜ. ಆದರೆ ಗಾಳಿಯಲ್ಲಿ ಶಬ್ದದ ವೇಗವು ಒತ್ತಡವನ್ನು ಅವಲಂಬಿಸಿಲ್ಲವಾದ್ದರಿಂದ ಎತ್ತರವು ಶ್ರುತಿಯನ್ನು ಬದಲಿಸುವುದಿಲ್ಲ.

ಮೂರನೆಯದು ಸಹವಾದ್ಯ. ಸೇನಾ ಬ್ಯಾಂಡಿನಲ್ಲಿ ಎಲ್ಲ ವಾದ್ಯಗಳೂ ಒಂದೇ ಮಾನಕಕ್ಕೆ ಸೇರಿದವು. ಉತ್ಸವದ ಬೀದಿಯಲ್ಲಿ ಹಾಗಲ್ಲ. ನಾಗಸ್ವರದ ಶ್ರುತಿಯಾಗಲಿ, ಗಾಯಕರ ಆಧಾರಷಡ್ಜವಾಗಲಿ ಟ್ರಂಪೆಟ್ಟಿನ ಮಾನಕವನ್ನು ಕೇಳಿ ಬರುವುದಿಲ್ಲ. ಅಲ್ಲಿ ಸರಿದುಕೊಳ್ಳಬೇಕಾದದ್ದು ಟ್ರಂಪೆಟ್ಟೇ.

6. ತಯಾರಕರ ಕೈಯಲ್ಲಿ ವಿನ್ಯಾಸದ ಬೆಳವಣಿಗೆ

ಇಂದಿನ ಟ್ರಂಪೆಟ್ಟಿನ ಪಿಸ್ಟನ್ ಪ್ಯಾರಿಸ್ಸಿನ ಪೆರಿನೆ ಎಂಬವರು 1830ರ ದಶಕದ ಕೊನೆಯಲ್ಲಿ ರೂಪಿಸಿದ್ದು. ಇಪ್ಪತ್ತನೆಯ ಶತಮಾನದಲ್ಲಿ ವಾದ್ಯಕ್ಕೆ ನೆಲೆಗೊಂಡ ರೂಪ ಕೊಟ್ಟವರಲ್ಲಿ ಆಸ್ಟ್ರಿಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿನ್ಸೆಂಟ್ ಬಾಕ್ (1890–1976) ಪ್ರಮುಖರು. 1918ರಲ್ಲಿ ನ್ಯೂಯಾರ್ಕಿನಲ್ಲಿ ಮೌತ್‌ಪೀಸ್ ತಯಾರಿಕೆಯಿಂದ ಆರಂಭಿಸಿದ ಅವರು 1920ರ ದಶಕದ ನಡುವಿನಲ್ಲಿ ಟ್ರಂಪೆಟ್ ತಯಾರಿಕೆಗೆ ಇಳಿದರು. 1961ರಲ್ಲಿ ಉದ್ಯಮವನ್ನು ಸೆಲ್ಮರ್ ಸಂಸ್ಥೆಗೆ ವಹಿಸಿದರು. ಬಾಕ್ ಸ್ಟ್ರಾಡಿವೇರಿಯಸ್ ಶ್ರೇಣಿಯ ಮೂಲರೂಪ ಸಾಂಪ್ರದಾಯಿಕ ಜೋಡಣೆಯದೇ. ಅದರ ಹೆಸರಿನಲ್ಲಿ ಆರ್ ಅಕ್ಷರ ಸೇರಿದ ಮಾದರಿಗಳು ತಿರುವುಮುರುವು ಲೀಡ್‌ಪೈಪಿನವು. ಎಲ್ ಅಕ್ಷರವೂ ಜೊತೆಯಾದರೆ ಹಗುರ ಶರೀರದವು. ಎಲ್‌ಆರ್ 180 ಎಸ್ 43 ಇಂತಹ ಒಂದು ಮಾದರಿ. ಜಪಾನಿನ ಯಮಾಹ ಸಂಸ್ಥೆಯ ಕ್ಸೀನೊ ಶ್ರೇಣಿಯಲ್ಲಿಯೂ ಎರಡು ಬಗೆಗಳಿವೆ. ವೈಟಿಆರ್-8335 ಆರ್‌ಜಿ ಮಾದರಿಯಲ್ಲಿ ಆರ್ ಅಕ್ಷರ ತಿರುವುಮುರುವನ್ನೂ, ಜಿ ಅಕ್ಷರ ಬೆಲ್ಲಿನ ಗೋಲ್ಡ್ ಬ್ರಾಸ್ ಲೋಹವನ್ನೂ ಸೂಚಿಸುತ್ತವೆ.

ಈ ಹೆಸರುಗಳಲ್ಲಿಯೇ ಒಂದು ಪಾಠ ಅಡಗಿದೆ. ತಯಾರಕರು ಲೀಡ್‌ಪೈಪನ್ನು ಮಾತ್ರ ತಿರುಗಿಸಿ ಉಳಿದದ್ದನ್ನು ಹಾಗೆಯೇ ಬಿಟ್ಟ ಉದಾಹರಣೆಗಳು ಕಡಿಮೆ. ಶರೀರವನ್ನು ಹಗುರ ಮಾಡುವುದು, ಬೆಲ್ಲಿನ ಲೋಹ ಅಥವಾ ಆಕಾರವನ್ನು ಬದಲಿಸುವುದು, ಲೀಡ್‌ಪೈಪಿನ ಇಳಿಜಾರನ್ನು ತಿದ್ದುವುದು, ಆಧಾರಪಟ್ಟಿಗಳ ಸ್ಥಾನ ಬದಲಿಸುವುದು ಇವೆಲ್ಲ ಜೊತೆಜೊತೆಗೇ ನಡೆಯುತ್ತವೆ. ತಿರುವುಮುರುವು ಟ್ರಂಪೆಟ್ಟು ಚುರುಕಾಗಿದೆ ಎಂದು ವಾದಕನೊಬ್ಬನು ಹೇಳಿದಾಗ ಆ ಚುರುಕಿನಲ್ಲಿ ಜೋಡಣೆಯ ಪಾಲೆಷ್ಟು, ಹಗುರ ಶರೀರದ ಪಾಲೆಷ್ಟು ಎಂಬುದನ್ನು ಬೇರ್ಪಡಿಸದೆ ತೀರ್ಮಾನಿಸಲಾಗದು.

ತೆರಪಿನ ಸಮಸ್ಯೆಗೆ ಇನ್ನೊಂದು ಉತ್ತರವನ್ನು ಶಿಕಾಗೊದ ರೆನಾಲ್ಡ್ ಶಿಲ್ಕಿ (1910–1982) ಎತ್ತಿಹಿಡಿದರು: ಟ್ಯೂನಿಂಗ್ ಸ್ಲೈಡನ್ನು ಸ್ಥಿರವಾಗಿಟ್ಟು ಬೆಲ್ಲನ್ನೇ ಹಿಂದೆಮುಂದೆ ಸರಿಸಿ ಶ್ರುತಿ ಹೊಂದಿಸುವುದು. ಇಲ್ಲಿ ಲೀಡ್‌ಪೈಪಿನ ಬಳಿ ತೆರಪು ಉಂಟಾಗುವುದೇ ಇಲ್ಲ. ಆದರೆ ಬೆಲ್ಲನ್ನು ಹಿಡಿದಿಡುವ ತಿರುಪುಗಳ ಹೊಂದಾಣಿಕೆಗೆ ಬಿಡುವು ಬೇಕು. ನಡೆಯುತ್ತಾ ನುಡಿಸುವ ಬ್ಯಾಂಡಿಗೆ ಅದು ಒಗ್ಗುವುದಿಲ್ಲ. ಆ ದೃಷ್ಟಿಯಿಂದ ತಿರುವುಮುರುವು ಲೀಡ್‌ಪೈಪು ಸಾಂಪ್ರದಾಯಿಕ ಸ್ಲೈಡಿನ ಸೌಲಭ್ಯವನ್ನು ಉಳಿಸಿಕೊಂಡು ಅದರ ದೋಷವನ್ನು ತಗ್ಗಿಸುವ ಒಂದು ಮಧ್ಯಮಮಾರ್ಗ.

7. ನುಡಿಸಾಣಿಕೆಯಲ್ಲಿ ಕಾಣುವ ವ್ಯತ್ಯಾಸ

ವಾದಕರ ಸಾಮಾನ್ಯ ಅನುಭವದಲ್ಲಿ ತಿರುವುಮುರುವು ಟ್ರಂಪೆಟ್ಟು ಉಸಿರಿಗೆ ಕಡಿಮೆ ಪ್ರತಿರೋಧ ಒಡ್ಡುತ್ತದೆ, ಸ್ವರ ಬೇಗ ಹೊರಡುತ್ತದೆ, ಮೃದುವಾಗಿ ನುಡಿಸುವಾಗ ಹಗುರವೆನಿಸುತ್ತದೆ. ಪ್ರತಿಯಾಗಿ ಸಾಂಪ್ರದಾಯಿಕ ಜೋಡಣೆಯಲ್ಲಿ ಪ್ರತಿಯೊಂದು ಸ್ವರವೂ ತನ್ನ ಸ್ಥಾನದಲ್ಲಿ ಗಟ್ಟಿಯಾಗಿ ಕೂರುತ್ತದೆ, ನಾದಕ್ಕೆ ತಿರುಳು ಹೆಚ್ಚು ಎಂಬ ಅಭಿಪ್ರಾಯವಿದೆ. ಸ್ವರ ತನ್ನ ಸ್ಥಾನಕ್ಕೆ ಕಚ್ಚಿಕೊಳ್ಳುವ ಈ ಗುಣವನ್ನು ವಾದಕರು ಸ್ಲಾಟ್ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ಸ್ವರದ ಹಿಡಿತ ಎನ್ನಬಹುದು. ಹಿಡಿತ ಬಿಗಿಯಾಗಿರಬೇಕೆ, ಸಡಿಲವಾಗಿರಬೇಕೆ ಎಂಬುದಕ್ಕೆ ಸಂದರ್ಭವೇ ಉತ್ತರ ಹೇಳಬೇಕು.

ಕವಾಯತಿನ ಬ್ಯಾಂಡಿನಲ್ಲಿ ಹಲವು ಟ್ರಂಪೆಟ್ಟುಗಳು ಒಂದೇ ಸ್ವರವನ್ನು ಒಟ್ಟಾಗಿ ಹಿಡಿಯಬೇಕು. ಮಾಣಿಕ್‌ಷಾ ಪರೇಡ್ ಮೈದಾನದಲ್ಲಿ ಹೆಜ್ಜೆ ಹಾಕುತ್ತಾ ನುಡಿಸುವ ವಾದಕನ ತುಟಿಗೆ ಪ್ರತಿ ಹೆಜ್ಜೆಯೂ ಒಂದು ಸಣ್ಣ ತಟ್ಟು. ಹಿಡಿತ ಬಿಗಿಯಾಗಿರುವ ವಾದ್ಯವು ಆ ಅಲುಗಾಟವನ್ನು ಮರೆಸುತ್ತದೆ, ಸಡಿಲವಾಗಿರುವುದು ಬಯಲುಮಾಡುತ್ತದೆ. ಇಲ್ಲಿ ಸಾಂಪ್ರದಾಯಿಕ ಜೋಡಣೆಗೆ ನ್ಯಾಯವಾದ ಸ್ಥಾನವಿದೆ. ಬೀದಿಯ ಬ್ಯಾಂಡಿನಲ್ಲಿ ವಾದಕನು ಗಂಟೆಗಟ್ಟಲೆ, ಡ್ರಮ್ಮುಗಳ ಅಬ್ಬರದ ನಡುವೆ, ತನ್ನ ನಾದವನ್ನೇ ತಾನು ಕೇಳಲಾರದೆ ನುಡಿಸುತ್ತಾನೆ. ಪ್ರತಿರೋಧ ಕಡಿಮೆಯಿರುವ ವಾದ್ಯ ಮೊದಲಿಗೆ ಸುಖವೆನಿಸಿದರೂ ಹೆಚ್ಚು ಉಸಿರು ಬೇಡುತ್ತದೆ. ಒತ್ತಿ ಊದುವ ಅಭ್ಯಾಸವಿದ್ದವನು ಬೇಗ ದಣಿಯುತ್ತಾನೆ. ಚರ್ಚಿನೊಳಗೆ ಆರ್ಗನ್ನಿನೊಡನೆ ಕೀರ್ತನೆ ನುಡಿಸುವವನಿಗೆ ಮೃದುಸ್ವರದ ಸುಲಭ ಆರಂಭವೇ ಮುಖ್ಯ. ಅಲ್ಲಿ ತಿರುವುಮುರುವು ಜೋಡಣೆಯ ಗುಣ ಸಾರ್ಥಕವಾಗುತ್ತದೆ.

ನಮ್ಮ ದೃಷ್ಟಿಯಿಂದ ಅತ್ಯಂತ ಕುತೂಹಲಕರವಾದದ್ದು ಗಮಕದ ಸಂದರ್ಭ. ಟ್ರಂಪೆಟ್ಟಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಮೂರು ಉಪಾಯಗಳಿವೆ: ತುಟಿಯಿಂದ ಬಾಗಿಸುವುದು, ಪಿಸ್ಟನ್ನನ್ನು ಅರ್ಧ ಒತ್ತುವುದು, ಮೊದಲ ಮತ್ತು ಮೂರನೆಯ ಪಿಸ್ಟನ್ನಿನ ಸ್ಲೈಡುಗಳನ್ನು ನುಡಿಸುವಾಗಲೇ ಸರಿಸುವುದು. ಮೊದಲನೆಯ ಉಪಾಯವೇ ಹೆಚ್ಚು ಸಹಜ. ಹಿಡಿತ ಬಿಗಿಯಾಗಿದ್ದರೆ ಸ್ವರ ಬಾಗಲು ಒಪ್ಪುವುದಿಲ್ಲ. ಒಂದು ಮಿತಿ ದಾಟಿದೊಡನೆ ಪಕ್ಕದ ಕಂಪನಕ್ಕೆ ನೆಗೆಯುತ್ತದೆ. ಹಿಡಿತ ಸಡಿಲವಾಗಿದ್ದರೆ ತೋಡಿಯ ಗಾಂಧಾರದಂತಹ ಆಂದೋಲಿತ ಸ್ವರವನ್ನು ತುಟಿಯಲ್ಲೇ ತೂಗಬಹುದು. ಪಾಶ್ಚಾತ್ಯ ವೃಂದದಲ್ಲಿ ಕೊರತೆಯೆಂದು ಎಣಿಸುವ ಸಡಿಲ ಹಿಡಿತವು ರಾಗವನ್ನು ನುಡಿಸುವವನಿಗೆ ಅನುಕೂಲವಾಗುತ್ತದೆ. ಆದರೆ ಅನುಕೂಲವೊಂದೇ ಸಾಲದು: ಸ್ವರ ತಾನಾಗಿ ನಿಲ್ಲದ ವಾದ್ಯದಲ್ಲಿ ಅದನ್ನು ನಿಲ್ಲಿಸುವ ಹೊಣೆ ಕಿವಿಯದಾಗುತ್ತದೆ. ವಾದ್ಯ ಕೊಡುವ ಸ್ವಾತಂತ್ರ್ಯವು ಶ್ರುತಿಜ್ಞಾನ ಗಟ್ಟಿಯಾಗಿರುವವನಿಗೆ ಮಾತ್ರ ವರ. ಕರ್ನಾಟಕ ಬ್ಯಾಂಡಿನಂತಹ ಪರಂಪರೆಯು ಮುಂದುವರಿಯಬೇಕಾದರೆ ವಾದ್ಯದ ಆಯ್ಕೆಯಲ್ಲಿ ಈ ಅಂಶವನ್ನು ಪರಿಗಣಿಸುವುದು ಉಚಿತ. ಪರೇಡಿಗೆ ಒಪ್ಪುವ ವಾದ್ಯವೇ ಕೃತಿಗೂ ಒಪ್ಪಬೇಕೆಂಬ ನಿಯಮವಿಲ್ಲ.

8. ದುರಸ್ತಿ ಮತ್ತು ದಾಖಲೆ

ಲೀಡ್‌ಪೈಪು ವಾದ್ಯದಲ್ಲಿ ಮೊದಲು ಸಾಯುವ ಭಾಗ. ಉಸಿರಿನ ತೇವ, ಎಂಜಲು ಮೊದಲು ನಿಲ್ಲುವುದು ಅಲ್ಲಿಯೇ. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹ. ತೇವದಲ್ಲಿ ಸತು ಕರಗಿಹೋಗಿ ಕೆಂಪು ಚುಕ್ಕೆಗಳು ಮೂಡಿ ಕೊನೆಗೆ ನಳಿಕೆ ತೂತಾಗುತ್ತದೆ. ಆಗ ನಳಿಕೆಯನ್ನು ಬದಲಿಸಬೇಕಾಗುತ್ತದೆ. ಬದಲಿಸುವವರು ಅಗಲವಾಗುತ್ತಾ ಹೋಗುವ ನಳಿಕೆಯ ಜಾಗದಲ್ಲಿ ಸಮವ್ಯಾಸದ ಕೊಳವೆಯನ್ನು ಬೆಸೆದರೆ ಹೊರನೋಟಕ್ಕೆ ದುರಸ್ತಿ ಸರಿಯಾಗಿಯೇ ಕಾಣುತ್ತದೆ. ಆದರೆ ಮೇಲಿನ ಕಂಪನಗಳನ್ನು ಕೆಳಕ್ಕೆ ಎಳೆಯುತ್ತಿದ್ದ ಅಂಗವೇ ಹೋಗಿರುತ್ತದೆ. ತಿರುವುಮುರುವು ವಾದ್ಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಅದರ ಲೀಡ್‌ಪೈಪಿನ ಹೊರಮೈಯೇ ಸ್ಲೈಡು ಜಾರುವ ಮೈಯಾದ್ದರಿಂದ ಒಂದು ತಗ್ಗು ಬಿದ್ದರೂ ಸ್ಲೈಡು ಕಚ್ಚಿಕೊಳ್ಳುತ್ತದೆ. ಬದಲಿ ನಳಿಕೆಗೆ ಒಳಗಿನ ಇಳಿಜಾರಿನ ಜೊತೆಗೆ ಹೊರವ್ಯಾಸವೂ ನಿಖರವಾಗಿರಬೇಕು. ಸಾಂಪ್ರದಾಯಿಕ ವಾದ್ಯಕ್ಕೆಂದು ತಯಾರಾದ ನಳಿಕೆ ಇದಕ್ಕೆ ಕೂರುವುದಿಲ್ಲ.

ಈ ಸಂಗತಿಯು ಸಂಶೋಧಕರಿಗೂ ಮುಖ್ಯ. ಹಳೆಯ ಟ್ರಂಪೆಟ್ಟೊಂದು ದೊರೆತಾಗ ಬೆಲ್ಲಿನ ಮೇಲಣ ಕೆತ್ತನೆಯನ್ನು ಓದಿ ತಯಾರಕನ ಹೆಸರು ಬರೆದುಕೊಂಡರೆ ದಾಖಲೆ ಮುಗಿಯುವುದಿಲ್ಲ. ಬೆಲ್ ಒಬ್ಬರದಾಗಿ, ಲೀಡ್‌ಪೈಪು ಇನ್ನೊಂದು ಕಾಲದ ದುರಸ್ತಿಯದಾಗಿರಬಹುದು. ಲೀಡ್‌ಪೈಪಿನ ಆರಂಭದ ಹಾಗೂ ಕೊನೆಯ ಒಳವ್ಯಾಸ, ಅಖಂಡ ಉದ್ದ, ಜೋಡಣೆಯ ಬಗೆ, ಸಮವ್ಯಾಸ ಭಾಗದ ಒಳವ್ಯಾಸ, 440 ಹರ್ಟ್ಸ್ ಶ್ರುತಿಗೆ ಸ್ಲೈಡನ್ನು ಎಳೆಯಬೇಕಾದ ಅಳತೆ, ಅಳೆದ ದಿನದ ಉಷ್ಣತೆ ಈ ಆರು ವಿವರಗಳನ್ನು ಬರೆದಿಟ್ಟರೆ ಆ ವಾದ್ಯದ ಚರಿತ್ರೆಯ ಬಹುಭಾಗ ದಾಖಲಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ವರ್ನಿಯರ್ ಮಾಪಕ, ಒಂದು ಉಷ್ಣತಾಮಾಪಕ, ಒಂದು ಶ್ರುತಿಮಾಪಕ. ಪೊಲೀಸ್ ಮತ್ತು ಸೇನಾ ಬ್ಯಾಂಡುಗಳಲ್ಲಿ, ಚರ್ಚುಗಳಲ್ಲಿ, ಖಾಸಗಿ ಬ್ಯಾಂಡ್ ಸೆಟ್ಟುಗಳಲ್ಲಿ ಬಳಕೆ ತಪ್ಪಿದ ವಾದ್ಯಗಳು ಹಳೆಯ ಹಿತ್ತಾಳೆಯ ತೂಕಕ್ಕೆ ಹೋಗುವ ಮೊದಲು ಇಷ್ಟು ಕೆಲಸ ನಡೆಯುವುದು ಅಪೇಕ್ಷಣೀಯ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ತಿರುವುಮುರುವು ಲೀಡ್‌ಪೈಪು ತೆರಪನ್ನು ಎಲ್ಲ ಸಂದರ್ಭಗಳಲ್ಲೂ ಇಲ್ಲವಾಗಿಸುವುದಿಲ್ಲ. ಅದರ ಸ್ಥಾನವನ್ನು ಬದಲಿಸುತ್ತದೆ, ಬಾಗಿನ ಬಾಯಿ ಅಗಲವಾಗಿರುವ ರಚನೆಗಳಲ್ಲಿ ಎದುರಂಚನ್ನು ತಪ್ಪಿಸುತ್ತದೆ. ಅದರ ಪ್ರಯೋಜನ ಸ್ಲೈಡನ್ನು ಹೆಚ್ಚು ಎಳೆಯಬೇಕಾದ ವಾದಕನಿಗೆ ಹೆಚ್ಚು. ಅದರ ಗುಣವೆಂದು ಹೇಳಲಾಗುವ ಚುರುಕಿನಲ್ಲಿ ಹಗುರ ಶರೀರದ ಪಾಲೂ ಇದೆ. ಅದರ ಸಡಿಲ ಹಿಡಿತವು ಕವಾಯತಿಗೆ ಕೊರತೆಯಾಗಿ, ಗಮಕಕ್ಕೆ ಸಹಾಯಕವಾಗಿ ಒದಗುತ್ತದೆ.

ಬೆಂಗಳೂರು ದಂಡಿನಲ್ಲಿ ಸೇನೆಯ ಶಿಸ್ತು, ಚರ್ಚಿನ ಸಾಮರಸ್ಯ, ಉತ್ಸವದ ರಾಗ ಮೂರೂ ಒಂದೇ ಹರದಾರಿಯೊಳಗೆ ಕೂಡಿಬಂದಿವೆ. ಮೂರೂ ಸಂದರ್ಭಗಳು ಒಂದೇ ವಾದ್ಯದಿಂದ ಮೂರು ಬೇರೆ ಗುಣಗಳನ್ನು ಬೇಡುತ್ತವೆ. ಅದರಿಂದಾಗಿ ಮರ್ಫಿ ಟೌನಿನಂತಹ ನೆರೆಹೊರೆಯು ಹಿತ್ತಾಳೆ ವಾದ್ಯಗಳ ರಚನೆಯನ್ನು ಅಧ್ಯಯನ ಮಾಡಲು ತಕ್ಕ ಕ್ಷೇತ್ರವಾಗಿದೆ. ವಾದಕರ ಹೆಸರುಗಳ ಜೊತೆಗೆ ಅವರು ಹಿಡಿದ ವಾದ್ಯಗಳ ಅಳತೆಗಳೂ ಸಂಗ್ರಹವಾದಾಗ ಕರ್ನಾಟಕದ ಬ್ಯಾಂಡ್ ಸಂಗೀತದ ಇತಿಹಾಸವು ಆಶ್ರಯದಾತರ ಇತಿಹಾಸವಾಗಿಯಷ್ಟೇ ಉಳಿಯದೆ ನಾದದ ಇತಿಹಾಸವೂ ಆದೀತು.